ಇದ್ದರೆ, ಇದ್ದಿದ್ದರೆ

2005ನೇ ಇಸವಿ. ಹೊಸೂರು ರಸ್ತೆಯ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇತ್ತು. ಗೆಳೆಯನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಹೋಗಿದ್ದೆ. ಅರ್ಧ ಗಂಟೆ ಎಲ್ಲ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಮೇಜಿನ ಆ ಕಡೆ ಕೂತಿದ್ದವರೊಬ್ಬರು ಕೇಳಿದರು: ‘ಇಫ್ ಯು ವರ್ ದಿ ಟೀಮ್ ಲೀಡರ್, ವಾಟ್ ವುಡ್ ಯು ಡೂ?’

ನಾನು ತಿಪಟೂರು ಕಡೆಯ ಹಳ್ಳಿ ಶಾಲೆಯಲ್ಲಿ ಓದಿದವನು. ಇಂಗ್ಲಿಷ್ ಶುರುವಾಗಿದ್ದೇ ಐದನೇ ಕ್ಲಾಸಿನಲ್ಲಿ. ‘ವರ್’ ಅಂದರೆ ಭೂತಕಾಲ ಅಂತ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಅಂದರೆ ಇವರು ನನ್ನ ಹಿಂದಿನ ಕೆಲಸದ ಬಗ್ಗೆ ಕೇಳುತ್ತಿದ್ದಾರೆ, ಬಯೋಡೇಟಾದಲ್ಲಿ ಏನೋ ತಪ್ಪು ಓದಿಕೊಂಡಿದ್ದಾರೆ ಅಂದುಕೊಂಡೆ. ಸುಳ್ಳು ಹೇಳಬಾರದು ಅಲ್ವಾ?

‘ನೋ ಸರ್. ಐ ವಾಸ್ ನಾಟ್ ಟೀಮ್ ಲೀಡರ್’ ಅಂದೆ.

ಮೂರೂ ಜನ ಮುಖ ಮುಖ ನೋಡಿಕೊಂಡರು. ಅವರಲ್ಲಿ ಒಬ್ಬ ಮೇಡಂ ನಕ್ಕು, ‘ನೋ ನೋ, ಜಸ್ಟ್ ಇಮ್ಯಾಜಿನ್’ ಅಂದರು. ಇಮ್ಯಾಜಿನ್ ಮಾಡಿಕೊಂಡೆ, ಈ ಕೆಲಸ ನನಗೆ ಸಿಗಲ್ಲ ಅಂತ. ಅದೊಂದು ನಿಜವಾಯಿತು.

ಇದೆಲ್ಲ ಮರೆತೇ ಹೋಗಿತ್ತು. ಮೊನ್ನೆ ಎಂಟನೇ ಕ್ಲಾಸಿನ ಮಗಳು ಪರೀಕ್ಷೆಗೆ ಓದುತ್ತಾ ಕೂತಿದ್ದವಳು ತಲೆ ಎತ್ತಿ ಕೇಳಿದಳು. ‘ಅಪ್ಪಾ, ಇಲ್ಲಿ ಇಫ್ ಐ ಹ್ಯಾಡ್ ವಿಂಗ್ಸ್ ಅಂತಿದೆ. ಇವನಿಗೆ ಮೊದಲು ರೆಕ್ಕೆ ಇತ್ತಾ? ಈಗ ಉದುರಿ ಹೋಯ್ತಾ?’

ಅವಳು ತಮಾಷೆಗೆ ಕೇಳಿದಳು. ನನಗೆ ಮಾತ್ರ ಆ ಹೊಸೂರು ರಸ್ತೆಯ ಮೇಜು ಕಣ್ಣ ಮುಂದೆ ಬಂತು. ಇಪ್ಪತ್ತು ವರ್ಷ ತಡವಾಗಿಯಾದರೂ ಇದಕ್ಕೆ ಸರಿಯಾದ ಉತ್ತರ ಹುಡುಕಬೇಕು ಅನಿಸಿತು.

ಇಂಗ್ಲಿಷಿನಲ್ಲಿ ಕ್ರಿಯಾಪದ ತನ್ನ ರೂಪವನ್ನೇ ಬದಲಾಯಿಸಿಕೊಂಡು ತೋರಿಸುವ ಕಾಲ ಎರಡೇ. ಹ್ಯಾವ್ ಇದೆ, ಹ್ಯಾಡ್ ಇದೆ. ಗೋ ಇದೆ, ವೆಂಟ್ ಇದೆ. ನಾಳೆಯ ಮಾತಿಗೆ ‘ವಿಲ್’ ಅಂತ ಬೇರೆ ಪದ ತಂದು ಅಂಟಿಸಬೇಕು. ಹಾಗಾಗಿ ಎರಡನೇ ರೂಪಕ್ಕೆ ಕೆಲಸ ಜಾಸ್ತಿ. ನಿನ್ನೆಯ ಸುದ್ದಿ ಹೇಳುವುದೂ ಅದೇ, ಇಲ್ಲದ್ದನ್ನು ಇದೆ ಅಂದುಕೊಳ್ಳುವುದೂ ಅದೇ, ಸಂಕೋಚದಿಂದ ಕೇಳುವುದೂ ಅದೇ. ಮನೆಯ ಹೊಸಿಲು ಇದ್ದ ಹಾಗೆ ಅಂತ ಮಗಳಿಗೆ ಹೇಳಿದೆ. ಹೊಸಿಲ ಒಳಗೆ ಇರುವುದು ಹ್ಯಾವ್. ಹೊಸಿಲು ದಾಟಿದರೆ ಹ್ಯಾಡ್. ನಿನ್ನೆಯೂ ಹೊಸಿಲ ಆಚೆ, ಕನಸೂ ಹೊಸಿಲ ಆಚೆ. ಈ ಹುಡುಗನಿಗೆ ರೆಕ್ಕೆ ಉದುರಿಲ್ಲ, ಅವನ ರೆಕ್ಕೆ ಇರುವುದೇ ಹೊರಗೆ.

‘ಹಾಗಾದ್ರೆ ಪಾಸ್ಟ್ ಟೆನ್ಸ್ ಅಂತ ಯಾಕೆ ಹೆಸರಿಟ್ರು?’ ಅಂದಳು.

ಒಳ್ಳೆಯ ಪ್ರಶ್ನೆಯೇ. ಡೆನ್ಮಾರ್ಕಿನ ಒಟ್ಟೋ ಯೆಸ್ಪರ್ಸನ್ ಅನ್ನುವ ದೊಡ್ಡ ವ್ಯಾಕರಣ ಪಂಡಿತರು 1924ರಲ್ಲೇ ಈ ಬಗ್ಗೆ ಬರೆದಿದ್ದರು. ಕಾಲವನ್ನೇ ಹೇಳದ ಕಾಲರೂಪಗಳಿವೆ ಅಂದಿದ್ದರು. ಆ ಮಾತು ನಮ್ಮ ಹಳ್ಳಿ ಶಾಲೆಗೆ ತಲುಪಿರಲಿಲ್ಲ ಅಷ್ಟೆ. ನಮಗೆ ತಲುಪಿದ್ದು ಗೋ-ವೆಂಟ್-ಗಾನ್ ಪಟ್ಟಿ. ಮಗ್ಗಿ ಹೇಳಿದ ಹಾಗೆ ರಾಗವಾಗಿ ಹೇಳುತ್ತಿದ್ದೆವು.

ಇನ್ನೊಂದು ವಿಷಯ ಇದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಊಹೆಯ ಮಾತಿಗೆ ಬೇರೆಯೇ ರೂಪ ಇತ್ತು. ಬರಬರುತ್ತಾ ಪದಗಳ ತುದಿ ಸವೆಯಿತು. ನಡೆದದ್ದಕ್ಕೂ ಅಂದುಕೊಂಡದ್ದಕ್ಕೂ ಒಂದೇ ರೂಪವಾಯಿತು. ಉಳಿದುಕೊಂಡದ್ದು ಒಂದೇ ಒಂದು, ಆ ‘ವರ್’. ‘ಐ ವಾಸ್’ ಅಂತ ಕಲಿತ ಮಕ್ಕಳು ‘ಇಫ್ ಐ ವರ್ ಯು’ ಅಂತ ಓದಿದಾಗ ಅಚ್ಚು ತಪ್ಪಾಗಿದೆ ಅಂದುಕೊಳ್ಳುತ್ತಾರೆ. ಅಚ್ಚು ತಪ್ಪಲ್ಲ, ಹಳೇ ಮನೆ ಕೆಡವಿದ ಮೇಲೂ ಉಳಿದ ಒಂದು ಕಂಬ ಅದು. ಈಗೀಗ ಅದೂ ಅಲ್ಲಾಡುತ್ತಿದೆ. ‘ಇಫ್ ಐ ವಾಸ್’ ಅನ್ನುವವರು ಇಂಗ್ಲೆಂಡಿನಲ್ಲೂ ಬೇಕಾದಷ್ಟು ಜನ ಇದ್ದಾರೆ.

ಅವಳಿಗೆ ಇಂಗ್ಲಿಷ್ ಮುಗಿದ ಮೇಲೆ ಕನ್ನಡ. ನೋಟ್ಸಿನಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಕೊನೆಯದರ ಕೆಳಗೆ ಉದಾಹರಣೆ: ಬಂದಾನು, ಹೋದಾಳು, ಮಳೆ ಬಂದೀತು. ಅವಳು ಗಟ್ಟಿಯಾಗಿ ಓದುತ್ತಿದ್ದಳು. ನಾನು ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದೆ. ಕೈ ನಿಂತಿತು.

ಬಂದಾನು ಅನ್ನುವುದರಲ್ಲಿ ‘ಬಂದ’ ಇದೆಯಲ್ಲ! ಅವನಿನ್ನೂ ಬಂದೇ ಇಲ್ಲ. ಬರಬಹುದು, ಬರದೆಯೂ ಇರಬಹುದು. ಆದರೂ ಪದದೊಳಗೆ ಅವನು ಬಂದು ಕೂತಾಗಿದೆ. ಬರುವ ಅನ್ನುವುದರಿಂದ ಅದನ್ನು ಮಾಡಿಲ್ಲ, ಬಂದ ಅನ್ನುವುದರಿಂದ ಮಾಡಿದ್ದಾರೆ. ಹೋದಾಳು ಅನ್ನುವುದರಲ್ಲಿ ‘ಹೋದ’ ಇದೆ. ಚಿಕ್ಕಂದಿನಲ್ಲಿ ನಾನು ಮಾವಿನ ಮರ ಹತ್ತಿದರೆ ಅಮ್ಮ ಕೆಳಗೆ ನಿಂತು ‘ಬಿದ್ದೀಯ, ಬಿದ್ದೀಯ!’ ಅಂತ ಕೂಗುತ್ತಿದ್ದಳು. ನಾನು ಬೀಳುವ ಮೊದಲೇ ಅವಳ ಮಾತಿನಲ್ಲಿ ಬಿದ್ದಾಗಿರುತ್ತಿತ್ತು.

ಆಮೇಲೆ ಒಂದೊಂದೇ ನೆನಪಾಗತೊಡಗಿದವು. ಬಂದರೆ, ಹೋದರೆ, ಕೊಟ್ಟರೆ, ತಿಂದರೆ. ನಮ್ಮ ಒಂದೊಂದು ‘ರೆ’ ಹಿಂದೆಯೂ ಭೂತಕಾಲವೇ ಕೂತಿದೆ. ಹಳಗನ್ನಡದಲ್ಲೂ ಹಾಗೆಯೇ, ‘ಬಂದೊಡೆ’. ನಾಳೆ ನೆಂಟರು ಬರುತ್ತಾರೋ ಇಲ್ಲವೋ ಗೊತ್ತಿಲ್ಲದಾಗ ‘ನಾಳೆ ಬಂದರೆ’ ಅನ್ನುತ್ತೇವೆ. ‘ನಾಳೆ ಬರುವರೆ’ ಅನ್ನುವುದಿಲ್ಲ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಅನ್ನುವ ಗಾದೆ ನೋಡಿ. ಯಾರೂ ಮಾತಾಡಿಲ್ಲ, ಯಾವ ಮುತ್ತೂ ಒಡೆದಿಲ್ಲ, ಏನೂ ಹೋಗಿಲ್ಲ. ಇಡೀ ಗಾದೆ ಮಾತ್ರ ಭೂತಕಾಲದಲ್ಲಿ ನಿಂತಿದೆ. ಹೋಟೆಲಿನಲ್ಲಿ ‘ಎರಡು ಕಾಫಿ’ ಅಂದರೆ ಹುಡುಗ ‘ಬಂತು ಸಾರ್’ ಅನ್ನುತ್ತಾನೆ. ಡಿಕಾಕ್ಷನ್ ಇನ್ನೂ ಇಳಿಯುತ್ತಿರುತ್ತದೆ. ಯಾರೂ ಅವನನ್ನು ಸುಳ್ಳ ಅನ್ನುವುದಿಲ್ಲ.

ಅಂದರೆ ನಮ್ಮ ಮೇಷ್ಟ್ರು ಆ ‘ವರ್’ ಕಲಿಸುವಾಗ ‘ಲೋ, ನೀವು ದಿನಾ ಬಂದರೆ-ಹೋದರೆ ಅಂತೀರಲ್ಲ, ಅದೇ ಕಣ್ರೋ ಇದು’ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಅವರಿಗೂ ಯಾರೂ ಹಾಗೆ ಹೇಳಿಕೊಟ್ಟಿರಲಿಲ್ಲವೇನೋ. ಇಂಗ್ಲಿಷ್ ಅನ್ನುವುದು ಬೇರೆ ಲೋಕದ್ದು, ಅದರ ಒಂದು ಕಾಲೂ ನಮ್ಮ ನೆಲ ಮುಟ್ಟುವುದಿಲ್ಲ ಅನ್ನುವ ಭಯ ಎಲ್ಲರಿಗೂ ಇತ್ತು.

ಹಾಗಂತ ಎರಡೂ ಒಂದೇ ಅಲ್ಲ. ಇಬ್ಬರೂ ಕಲ್ಪನೆಯ ಗುಟ್ಟು ಬಿಟ್ಟುಕೊಡುವುದು ಬೇರೆ ಬೇರೆ ಕಡೆ. ಯಾರ ಹತ್ತಿರವಾದರೂ ಸಾಲ ಕೇಳಿ ನೋಡಿ. ಇಂಗ್ಲಿಷಿನವನು ‘ಇಫ್ ಐ ಹ್ಯಾಡ್’ ಅನ್ನುವಷ್ಟರಲ್ಲೇ ಗೊತ್ತಾಗುತ್ತದೆ, ಇವನ ಹತ್ತಿರ ಇಲ್ಲ, ಕೊಡುವುದಿಲ್ಲ. ಎದ್ದು ಬರಬಹುದು. ಕನ್ನಡದವರು ‘ದುಡ್ಡಿದ್ದರೆ’ ಅಂತ ಶುರು ಮಾಡಿದಾಗ ಇನ್ನೂ ಆಸೆ ಇರುತ್ತದೆ. ‘ದುಡ್ಡಿದ್ದರೆ ಕೊಡ್ತೀನಿ’ ಅನ್ನಬಹುದಲ್ಲ! ಕೊನೆಯ ಪದದ ಕೊನೆಯವರೆಗೂ ಕಾಯಬೇಕು. ‘ಕೊಡ್ತಿದ್ದೆ’ ಅಂದಾಗ ಮುಖ ಸಣ್ಣದಾಗುತ್ತದೆ. ನಮ್ಮ ‘ಇದ್ದರೆ’ ನಿಜಕ್ಕೂ ಆಗುತ್ತದೆ, ಕಲ್ಪನೆಗೂ ಆಗುತ್ತದೆ. ತೀರ್ಪು ಬರುವುದು ಕೊನೆಯಲ್ಲೇ.

ನಮ್ಮ ಇಂಗ್ಲಿಷ್ ಎಡವುವುದೂ ಇಲ್ಲೇ ಅಂತ ಕಾಣುತ್ತದೆ. ‘ಇಫ್ ಐ ಹ್ಯಾವ್ ಮನಿ, ಐ ವುಡ್ ಹ್ಯಾವ್ ಗಿವನ್’ ಅನ್ನುತ್ತೇವೆ. ಮೊದಲ ಭಾಗವನ್ನು ಹಾಗೇ ಬಿಟ್ಟು, ಕೊನೆಯ ಭಾಗಕ್ಕೆ ಎಲ್ಲ ಭಾರ ಹೊರಿಸುತ್ತೇವೆ. ಇದನ್ನು ಹೇಳುವವರನ್ನು ಕಂಡು ನಗುವವರು ಬೆಂಗಳೂರಿನಲ್ಲಿ ಜಾಸ್ತಿ. ನನಗೆ ನಗು ಬರುವುದಿಲ್ಲ. ಅದು ಅಪ್ಪಟ ಕನ್ನಡ, ಇಂಗ್ಲಿಷ್ ಅಂಗಿ ಹಾಕಿಕೊಂಡಿದೆ ಅಷ್ಟೆ.

ಈಗ ನಮ್ಮ ಸೋದರಮಾವನ ಕಥೆಗೆ ಬರಬೇಕು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇಂಥ ಒಬ್ಬ ಮಾವ ಇರುತ್ತಾರೆ. ಹಬ್ಬದ ಊಟಕ್ಕೆ ಬಂದರೆ, ಪಾಯಸ ಬಡಿಸುವಷ್ಟರಲ್ಲಿ ಆ ಮಾತು ಬಂದೇ ಬರುತ್ತದೆ. ‘ದೇವನಹಳ್ಳಿ ಹತ್ರ ಆವಾಗ ಒಂದು ಥರ್ಟಿ ಫಾರ್ಟಿ ಸೈಟ್ ತಗೊಂಡಿದ್ದರೆ...’

ಅವರು ಅಲ್ಲಿಗೆ ಹೋಗಿ ನೋಡಿಕೊಂಡೂ ಬಂದಿದ್ದರಂತೆ. ‘ಇಲ್ಲಿ ರಾತ್ರಿ ನರಿ ಕೂಗುತ್ತೆ, ಯಾರು ಬರ್ತಾರೆ?’ ಅಂತ ಬಿಟ್ಟು ಬಂದರಂತೆ. 2008ರ ಮೇ 24ಕ್ಕೆ ಅಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅವತ್ತಿನಿಂದ ಮಾವನ ಜೀವನದಲ್ಲಿ ಎರಡು ಬೆಂಗಳೂರು. ಒಂದು ಅವರು ಬಾಡಿಗೆ ಮನೆಯಲ್ಲಿ ವಾಸ ಮಾಡುವ ಬೆಂಗಳೂರು. ಇನ್ನೊಂದು ‘ತಗೊಂಡಿದ್ದರೆ’ ಅನ್ನುವ ಬೆಂಗಳೂರು. ಎರಡನೆಯದು ಇನ್ನೂ ಬೆಳೆಯುತ್ತಲೇ ಇದೆ. ಅವತ್ತಿನ ರೇಟು ಹೇಳುವಾಗ ಪ್ರತಿ ಸಲ ಹತ್ತು ಸಾವಿರ ಕಮ್ಮಿ ಮಾಡುತ್ತಾರೆ. ಇವತ್ತಿನ ರೇಟಿಗೆ ಹತ್ತು ಲಕ್ಷ ಸೇರಿಸುತ್ತಾರೆ.

ವ್ಯಾಕರಣದ ಲೆಕ್ಕದಲ್ಲಿ ಮಾವನ ಮಾತು ತುಂಬಾ ಪಕ್ಕಾ. ಕಲ್ಪನೆಗೆ ಒಂದು ಹೆಜ್ಜೆ ಹಿಂದೆ ಹೋಗಬೇಕು. ಕಲ್ಪನೆಯೇ ನಿನ್ನೆಯದಾದರೆ ಎರಡು ಹೆಜ್ಜೆ. ಇಂಗ್ಲಿಷಿನಲ್ಲಿ ‘ಹ್ಯಾಡ್’ ಇದ್ದದ್ದು ‘ಹ್ಯಾಡ್ ಹ್ಯಾಡ್’ ಆಗುತ್ತದೆ. ಕಾಲೇಜಿನಲ್ಲಿ ಅದನ್ನು ಮೊದಲ ಸಲ ನೋಡಿದಾಗ ಪುಸ್ತಕ ಅಚ್ಚು ಮಾಡಿದವನು ತೂಕಡಿಸಿದ್ದಾನೆ ಅಂದುಕೊಂಡು ಒಂದು ಹ್ಯಾಡ್ ಹೊಡೆದು ಹಾಕಿದ್ದೆ. ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪುಸ್ತಕ ಅದು, ನನಗಿಂತ ಮೊದಲು ಓದಿದವರೂ ಅಲ್ಲೇ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ನಮ್ಮದು ಇನ್ನೇನು? ಇದ್ದರೆ, ಇದ್ದಿದ್ದರೆ. ನಾವೂ ‘ಇದ್ದು’ವನ್ನು ಎರಡು ಸಲ ಹೇಳುತ್ತೇವೆ. ದಿನಕ್ಕೆ ಹತ್ತು ಸಲ ಹೇಳುತ್ತೇವೆ, ತೂಕಡಿಕೆ ಅಂತ ಯಾರಿಗೂ ಅನಿಸುವುದಿಲ್ಲ.

ಮಾವನ ವಾಕ್ಯದ ಉಳಿದ ಅರ್ಧ, ‘ಈಗ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತಿದ್ದೆ.’ ತಪ್ಪು ಆವತ್ತಿನದು, ಫಲ ಇವತ್ತಿನದು. ಇಂಗ್ಲಿಷ್ ವ್ಯಾಕರಣ ಪುಸ್ತಕಗಳು ಇದನ್ನು ಮಿಶ್ರ ಷರತ್ತು ಅಂತ ಬೇರೆ ಪಾಠ ಮಾಡಿ, ಕೊನೆಗೆ ಕಷ್ಟದ ಅಭ್ಯಾಸ ಕೊಡುತ್ತವೆ. ಮಾವ ಪಾಯಸ ಕುಡಿಯುತ್ತಾ ಹೇಳಿಬಿಡುತ್ತಾರೆ.

ಅವರನ್ನು ನಿಲ್ಲಿಸುವುದು ಅತ್ತೆ ಒಬ್ಬರೇ. ‘ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನಬಹುದಿತ್ತು. ಊಟ ಮಾಡಿ ಸುಮ್ನೆ’ ಅನ್ನುತ್ತಾರೆ. ಅತ್ತೆಯೇ ಈ ಗಾದೆ ಹೇಳುವುದನ್ನು ಕೇಳುವುದು ಒಂದು ಸುಖ. ಆ ‘ಬಹುದಿತ್ತು’ ನೋಡಿ. ಬಹುದು ಅಂದರೆ ಬಾಗಿಲು ತೆರೆದಿದೆ. ಅದಕ್ಕೊಂದು ‘ಇತ್ತು’ ಸೇರಿಸಿದರೆ ಬಾಗಿಲು ಮುಚ್ಚಿತು. ಇಂಗ್ಲಿಷಿನ ವುಡ್, ಕುಡ್, ಶುಡ್, ಮೈಟ್ ಎಲ್ಲ ಹುಟ್ಟಿನಿಂದ ಇದೇ ಜಾತಿ. ವಿಲ್, ಕ್ಯಾನ್, ಶಲ್, ಮೇ ಇವುಗಳ ಭೂತಕಾಲದ ರೂಪಗಳು. ಮಾಡಬೇಕಾದ್ದನ್ನು ನೆನಪಿಸುವ ‘ಆಟ್’ ಕೂಡ ಒಂದು ಕಾಲದಲ್ಲಿ ‘ಓ’ ಅಂದರೆ ಸಾಲ ಇರುವುದು ಅನ್ನುವುದರ ಭೂತಕಾಲ. ನೆನ್ನೆಯ ಸಾಲವೇ ಇವತ್ತಿನ ಕರ್ತವ್ಯ ಆಗಿದೆ, ನಮ್ಮ ಹೋಮ್ ಲೋನಿನ ಹಾಗೆ.

ಮಾವ ಸೈಟ್ ಬಿಟ್ಟರೆ ಕೆರೆ ಹಿಡಿಯುತ್ತಾರೆ. ‘ಆಗೆಲ್ಲ ಮಳೆ ಬಂದರೆ ಕೆರೆ ತುಂಬುತ್ತಿತ್ತು.’ ಇದು ನಿಜ, ನಡೆದದ್ದು, ವರ್ಷ ವರ್ಷ ನಡೆದದ್ದು. 2024ರ ಬೇಸಿಗೆಯಲ್ಲಿ ನಮ್ಮ ಏರಿಯಾದಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಬಿಂದಿಗೆ ಹಿಡಿದು ಕಾದಾಗಲೂ ಅವರು ಕೆರೆಯ ಮಾತೇ ಆಡಿದ್ದರು. ‘ಹೋದ ವರ್ಷ ಮಳೆ ಬಂದಿದ್ದರೆ ಕೆರೆ ತುಂಬುತ್ತಿತ್ತು.’ ಇದು ಆಗದ್ದು. ಎರಡರಲ್ಲೂ ಅದೇ ‘ತುಂಬುತ್ತಿತ್ತು’. ನೆನಪಿಗೂ ಹಳಹಳಿಕೆಗೂ ನಮ್ಮಲ್ಲಿ ಒಂದೇ ಕ್ರಿಯಾಪದ. ಇಂಗ್ಲಿಷಿನ ‘ವುಡ್’ ಕೂಡ ಹೀಗೆಯೇ ಎರಡು ಮನೆಯ ಕೆಲಸ ಮಾಡುತ್ತದೆ. ‘ಇಫ್ ಇಟ್ ರೈನ್ಡ್, ದಿ ಲೇಕ್ ವುಡ್ ಫಿಲ್’ ಅಂತ ಒಬ್ಬರು ಅಂದರೆ, ಅವರು ಹಳೆಯ ದಿನ ನೆನೆಯುತ್ತಿದ್ದಾರೋ, ಬಾರದ ಮಳೆಗೆ ಕಾಯುತ್ತಿದ್ದಾರೋ ಆ ಒಂದು ವಾಕ್ಯದಿಂದ ಹೇಳಲು ಬರುವುದಿಲ್ಲ. ಅವರ ಮುಖ ನೋಡಬೇಕು.

ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ ಎದ್ದದ್ದು. ಇವೆಲ್ಲ ‘ಇತ್ತು’. ಮಾವನ ಬಾಯಲ್ಲಿ ‘ಇದ್ದಿದ್ದರೆ’ ಆಗುವುದಕ್ಕೆ ಒಂದು ನಿಮಿಷ ಸಾಕು.

ಮೂರನೆಯ ಬಗೆಯ, ಸಂಕೋಚದಿಂದ ಕೇಳುವ ಭೂತಕಾಲ ನನಗೆ ದುಬಾರಿಯಾಯಿತು. ಕೊನೆಗೂ ಒಂದು ಕೆಲಸ ಸಿಕ್ಕಿದ ಹೊಸತು. ಇಂಗ್ಲೆಂಡಿನ ಕ್ಲೈಂಟ್ ಒಬ್ಬರಿಂದ ಮೇಲ್ ಬಂತು. ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಸೆಂಡ್ ದಿ ಫೈಲ್ ಬೈ ಫ್ರೈಡೇ.’ ವಾಸ್ ವಂಡರಿಂಗ್. ಅಂದರೆ ಆಗ ಅಂದುಕೊಳ್ಳುತ್ತಿದ್ದರು, ಈಗ ಬಿಟ್ಟಿದ್ದಾರೆ. ಪಾಪ, ಯಾವುದೋ ಹಳೇ ಯೋಚನೆ ಹಂಚಿಕೊಳ್ಳುತ್ತಿದ್ದಾರೆ ಅಂದುಕೊಂಡು ‘ಓಕೆ ಮೇಡಂ, ಥ್ಯಾಂಕ್ಯೂ’ ಅಂತ ಬರೆದು ಸುಮ್ಮನಾದೆ. ಶುಕ್ರವಾರ ಹೋಯಿತು. ಸೋಮವಾರ ಮ್ಯಾನೇಜರ್ ಗಾಜಿನ ರೂಮಿಗೆ ಕರೆದರು. ‘ಆಕೆ ಎಷ್ಟು ಸ್ಪಷ್ಟವಾಗಿ ಕೇಳಿದ್ದಾರೆ ನೋಡ್ರೀ’ ಅಂದರು. ನನಗೆ ಅದರಲ್ಲಿ ಕೇಳಿದ್ದೇ ಕಾಣಲಿಲ್ಲ. ನನ್ನ ಲೆಕ್ಕದಲ್ಲಿ ಕೇಳುವುದು ಅಂದರೆ ‘ಸೆಂಡ್’ ಅನ್ನಬೇಕು, ಹೆಚ್ಚೆಂದರೆ ಮುಂದೊಂದು ‘ಪ್ಲೀಸ್’.

ಆಕೆ ಮಾಡಿದ್ದು ಇಷ್ಟೆ. ತನ್ನ ಬಯಕೆಯನ್ನು ಒಂದು ಹೆಜ್ಜೆ ಹೊಸಿಲ ಆಚೆ ಇಟ್ಟರು. ಆಗ ಅಂದುಕೊಂಡಿದ್ದೆ, ನಿಮಗೆ ಆಗದಿದ್ದರೆ ಪರವಾಗಿಲ್ಲ ಅನ್ನುವ ಹಾಗೆ. ಇಲ್ಲ ಅನ್ನಲು ನನಗೆ ಜಾಗ ಬಿಟ್ಟರು. ಆ ಜಾಗದಲ್ಲಿ ನಾನು ಹೋಗಿ ಮಲಗಿಬಿಟ್ಟೆ.

ನಾಚಿಕೆ ಏನೆಂದರೆ, ನಾನೂ ದಿನಾ ಹೀಗೇ ಮಾತಾಡುವವನು. ಸರ್ಕಾರಿ ಕಚೇರಿಯ ಕಿಟಕಿಯಲ್ಲಿ ಬಗ್ಗಿ ‘ಸಾರ್, ಒಂದು ಸಹಿ ಬೇಕಿತ್ತು’ ಅನ್ನುತ್ತೇನೆ. ‘ಬೇಕು’ ಅಂದರೆ ಸಾಹೇಬರ ಹುಬ್ಬು ಗಂಟಾಗುತ್ತದೆ ಅಂತ ಬುದ್ಧಿ ಬಂದಾಗಿನಿಂದ ಗೊತ್ತು. ಗೆಳೆಯನಿಗೆ ಫೋನ್ ಮಾಡಿ ‘ನಿನ್ನ ಹತ್ರ ಸ್ವಲ್ಪ ಮಾತಾಡಬೇಕಿತ್ತು’ ಅನ್ನುತ್ತೇನೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವರು ‘ಯಾರು ಬೇಕಿತ್ತು ಸಾರ್?’ ಅಂತ ಕೇಳಿದರೆ ಒಳಗೆ ಬಿಡುತ್ತಾರೆ ಅಂತ ಅರ್ಥ. ‘ಯಾರು ಬೇಕು?’ ಅಂದರೆ ರಿಜಿಸ್ಟರಿನಲ್ಲಿ ಹೆಸರು, ನಂಬರು ಬರೆದು, ಅಲ್ಲೇ ನಿಂತು ಕಾಯಬೇಕು. ಆ ಒಂದು ‘ಇತ್ತು’ವಿನಲ್ಲಿ ಇರುವ ಮರ್ಯಾದೆ ಕೈಮುಗಿದರೂ ಬರುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದ ನಾನು ಅದೇ ಮರ್ಯಾದೆ ಇಂಗ್ಲಿಷಿನಲ್ಲಿ ಬಂದಾಗ ಗುರುತಿಸಲಿಲ್ಲ.

ಈಗ ಆಫೀಸಿನಲ್ಲಿ ಉಲ್ಟಾ ಆಗಿದೆ. ಮರ್ಯಾದೆಗೆ ಅಂತ ಎಲ್ಲರೂ ಎಲ್ಲದಕ್ಕೂ ‘ವುಡ್’ ಹಾಕುತ್ತಾರೆ. ‘ಐ ವುಡ್ ಬಿ ಆನ್ ಲೀವ್ ಟುಮಾರೋ’ ಅಂತ ಮೇಲ್ ಬರುತ್ತದೆ. ಓದಿದಾಗ, ಇವರು ರಜಾ ಹಾಕುತ್ತಿದ್ದರು, ಏನೋ ಆಗಿದ್ದರೆ ಅನಿಸುತ್ತದೆ. ಏನಾಗಿದ್ದರೆ? ಕೇಳಲು ಹೋಗುವುದಿಲ್ಲ. ‘ಐ ವಿಶ್ ಯು ವಿಲ್ ಕಮ್’ ಅಂತ ಗೃಹಪ್ರವೇಶಕ್ಕೆ ಕರೆದವರ ಮನೆಗೂ ಹೋಗಿ ಊಟ ಮಾಡಿ ಬಂದಿದ್ದೇನೆ. ‘ವಿಶ್’ ಆದ ಮೇಲೆ ‘ವುಡ್ ಕಮ್’ ಬಂದಿದ್ದರೆ ನಾನು ಬರುವುದು ಅನುಮಾನ ಅಂತ ಅರ್ಥ ಬರುತ್ತಿತ್ತು, ಬರುತ್ತೇನೆ ಅನ್ನುವ ನಂಬಿಕೆ ಇದ್ದರೆ ‘ಹೋಪ್’ ಸಾಕಿತ್ತು. ಹೋಳಿಗೆ ಚೆನ್ನಾಗಿತ್ತು. ವ್ಯಾಕರಣ ಯಾರಿಗೆ ಬೇಕಿತ್ತು?

ಮಗಳ ಪರೀಕ್ಷೆ ಮುಗಿಯಿತು. ರೆಕ್ಕೆಯ ಪ್ರಶ್ನೆ ಬರಲಿಲ್ಲವಂತೆ. ಬಂದಾನು-ಹೋದಾನು ಬಂದಿತ್ತಂತೆ. ಆ ಶನಿವಾರ ಲ್ಯಾಪ್‌ಟಾಪಿನ ಚಾರ್ಜರ್ ಕೆಟ್ಟಿತು ಅಂತ ಇಬ್ಬರೂ ಎಸ್‌.ಪಿ. ರೋಡಿಗೆ ಹೋದೆವು. ಒಂದಾಳು ನಿಂತರೆ ತುಂಬಿಹೋಗುವಂಥ ಅಂಗಡಿ. ಕೌಂಟರಿನ ಹಿಂದೆ ವಯಸ್ಸಾದವರೊಬ್ಬರು ವೈರು ಸುತ್ತುತ್ತಾ ಕೂತಿದ್ದರು.

‘ಯಜಮಾನ್ರೇ, ಒಂದು ಚಾರ್ಜರ್ ಬೇಕಿತ್ತು’ ಅಂದೆ.

ಅವರು ತಲೆ ಎತ್ತಲಿಲ್ಲ. ‘ಬೇಕಿತ್ತಾ? ಈಗ ಬೇಡ್ವಾ ಸಾರ್?’ ಅಂದರು.

ಮಗಳು ಅಂಗಡಿಯ ಹೊರಗೆ ಹೋಗಿ ನಕ್ಕಳು.